ಪೆರಂಬೂರಿನ ಸುತ್ತಣ ಮಣ್ಣಿನ ಏರಿಗಳು

ಕನ್ನಡನಾಡಿನಿಂದ ಮದರಾಸಿಗೆ ಹೊಸದಾಗಿ ಬಂದವರು ಮೊದಲ ಮಳೆಗಾಲದಲ್ಲಿ ಒಂದು ಮಾತಿನ ತೊಡಕಿಗೆ ಸಿಕ್ಕಿಬೀಳುವುದುಂಟು. ನನಗೂ ಹಾಗೆಯೇ ಆಯಿತು. 1976ರ ನವೆಂಬರ್ 25ರ ಬೆಳಿಗ್ಗೆ. ರಾತ್ರಿಯೆಲ್ಲ ಒಂದೇ ಸಮನೆ ಸುರಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಪೆರಂಬೂರಿನ ನಮ್ಮ ಬಾಡಿಗೆ ಮನೆಯ ಮುಂದಿನ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಎದುರುಮನೆಯ ಹಿರಿಯರು, ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದವರು, ಪಂಚೆಯನ್ನು ಮೇಲೆ ಕಟ್ಟಿಕೊಂಡು ನೀರಿನಲ್ಲಿ ನಿಂತೇ ಕೂಗಿ ಹೇಳಿದರು: “ಏರಿ ಉಡೈಂಜಿಡುಚ್ಚಾಂ, ಸಾರ್!” ಏರಿ ಒಡೆದುಹೋಯಿತಂತೆ ಎಂದು ತಾತ್ಪರ್ಯ. ನಾನು ನನ್ನ ಹರುಕು ತಮಿಳಿನಲ್ಲಿ, “ಎಂದ ಕೆರೆಯೋಡ ಏರಿ?” ಎಂದೆ. ಯಾವ ಕೆರೆಯ ಏರಿ ಎಂಬುದು ನನ್ನ ಪ್ರಶ್ನೆ. ಅವರ ಕಿವಿಗೆ ಅದು ‘ಯಾವ ದಡದ ಕೆರೆ’ ಎಂದು ಕೇಳಿಸಿರಬೇಕು. ತುಸು ಹೊತ್ತು ನನ್ನನ್ನೇ ನೋಡಿ, ಪಾಠ ಹೇಳುವ ಮೇಷ್ಟ್ರ ಧಾಟಿಯಲ್ಲಿ, “ಕರೈ ಉಡೈಂಜಾತ್ತಾನೇ ಏರಿ ಉಡೈಯುಂ!” ಎಂದರು. ದಂಡೆ ಒಡೆದರೆ ತಾನೆ ಕೆರೆ ಒಡೆಯುವುದು ಎಂದರ್ಥ.

ಅಂದು ಹಬ್ಬಿದ್ದು ಬರಿಯ ವದಂತಿ. ನಮ್ಮ ಬೀದಿಗೆ ಬಂದ ನೀರು ಒಡೆದ ಕೆರೆಯ ನೀರಲ್ಲ, ಹೋಗಲು ದಾರಿಯಿಲ್ಲದೆ ನಿಂತ ಆಕಾಶದ ನೀರು. ಆದರೆ ಹಿರಿಯರ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕನ್ನಡದಲ್ಲಿ ನೀರು ನಿಲ್ಲುವ ಜಾಗ ಕೆರೆ, ಅದನ್ನು ನಿಲ್ಲಿಸುವ ಮಣ್ಣಿನ ಕಟ್ಟೆ ಏರಿ. ತಮಿಳಿನಲ್ಲಿ ನೀರು ನಿಲ್ಲುವ ಜಾಗವೇ ಏರಿ, ಅದನ್ನು ನಿಲ್ಲಿಸುವ ಕಟ್ಟೆ ಕರೈ. ನಾವು ‘ಕೆರೆ ಏರಿ’ ಎನ್ನುವುದನ್ನು ಅವರು ‘ಏರಿಕ್ಕರೈ’ ಎನ್ನುತ್ತಾರೆ. ಒಂದೇ ವಸ್ತುವನ್ನು ಅಕ್ಕತಂಗಿಯರು ಎರಡು ತುದಿಯಿಂದ ಹಿಡಿದುಕೊಂಡಂತೆ! ಪದಗಳ ಹುಟ್ಟನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ. ನಮ್ಮ ಹಿರಿಯರು ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ನೀರನ್ನೂ ಅದನ್ನು ತಡೆದ ಮಣ್ಣನ್ನೂ ಬೇರೆ ಬೇರೆಯಾಗಿ ಎಣಿಸಲಿಲ್ಲ ಎಂಬುದಂತೂ ಇದರಿಂದ ಸ್ಪಷ್ಟ. ಆ ಮಣ್ಣಿನ ಕಟ್ಟೆಯ ಕಥೆಯನ್ನು, ನಾವು ಬಾಳುವೆ ಮಾಡುತ್ತಿರುವ ಪೆರಂಬೂರಿನ ಕಡೆಯಿಂದ ನೋಡಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ವಿಷಯ. ಮದರಾಸು ಸಮುದ್ರಮಟ್ಟದಿಂದ ಕೆಲವೇ ಮೀಟರುಗಳ ಎತ್ತರದಲ್ಲಿರುವ, ಹಲಗೆಯಂತೆ ಚಪ್ಪಟೆಯಾದ ಪ್ರದೇಶ. ವರ್ಷಕ್ಕೆ ಬೀಳುವ ಸುಮಾರು 140 ಸೆಂಟಿಮೀಟರ್ ಮಳೆಯಲ್ಲಿ ಬಹುಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಕೊಡುಗೆ. ಅದೂ ಮಲೆನಾಡಿನ ಮಳೆಯಂತೆ ಹದವರಿತು ಬರುವುದಿಲ್ಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಎರಡು ಮೂರು ದಿನಗಳಲ್ಲಿ ತಿಂಗಳ ಮಳೆಯನ್ನೆಲ್ಲ ಸುರಿದು ಹೋಗಿಬಿಡುತ್ತದೆ. ನೆಲಕ್ಕೆ ಇಳಿಜಾರು ಕಡಿಮೆ, ಹೀಗಾಗಿ ನೀರಿಗೆ ಓಟವಿಲ್ಲ. ಜೊತೆಗೆ ಸಮುದ್ರದಲ್ಲಿ ಭರತ ಬಂದರೆ, ಅಥವಾ ಅಳಿವೆಯ ಬಾಯಿಗೆ ಮರಳು ಕಟ್ಟಿಕೊಂಡರೆ, ನದಿ ಕಾಲುವೆಗಳ ನೀರು ಹಿಂದಕ್ಕೆ ನಿಲ್ಲುತ್ತದೆ.

ಇಂಥ ನೆಲದಲ್ಲಿ ಪೆರಂಬೂರು ಒಂದು ಹಳ್ಳಿಯಾಗಿತ್ತು. 1742ರಲ್ಲಿ ಆರ್ಕಾಟಿನ ನವಾಬರ ಕಡೆಯಿಂದ ಇಂಗ್ಲಿಷ್ ಕಂಪನಿಗೆ ದೊರೆತ ಐದು ಹಳ್ಳಿಗಳಲ್ಲಿ ವೇಪೇರಿ, ಪುದುಪಾಕ್ಕಂ, ಎರ್ಣಾವೂರು, ಸಡೆಯಂಕುಪ್ಪಂಗಳ ಜೊತೆಗೆ ಪೆರಂಬೂರೂ ಸೇರಿತ್ತು. ಅದರ ಪಶ್ಚಿಮಕ್ಕೂ ಉತ್ತರಕ್ಕೂ ಅಂಬತ್ತೂರು, ವಿಲ್ಲಿವಾಕ್ಕಂ, ಕೊಳತ್ತೂರು, ಮಾಧವರಂ ಮೊದಲಾದ ಊರುಗಳು, ಊರಿಗೊಂದರಂತೆ ಏರಿಗಳು. ಕೊಳತ್ತೂರಿನ ಬಳಿ ನಾವೆಲ್ಲ ಬಸ್ಸಿನ ಕಂಡಕ್ಟರ ಬಾಯಲ್ಲಿ ಕೇಳುವ ‘ರೆಟ್ಟೇರಿ’ ಎಂಬ ಹೆಸರು ‘ಇರಟ್ಟೈ ಏರಿ’, ಅಂದರೆ ಜೋಡಿಕೆರೆ. ಪೆರಂಬೂರಿನ ಮಗ್ಗುಲಲ್ಲೇ ಇರುವ ಓಟ್ಟೇರಿಯ ಹೆಸರಿನ ಕೊನೆಗೂ ‘ಏರಿ’ ಎಂಬ ಸದ್ದು ಕೇಳಿಸುತ್ತದೆ. ಪಶ್ಚಿಮದಿಂದ ಬರುವ ಓಟ್ಟೇರಿ ನಾಲೆ ಅಯನಾವರಂ ಕಡೆಯಿಂದ ಹಾದು ಬೇಸಿನ್ ಬ್ರಿಜ್ ಬಳಿ ಬಕಿಂಗ್‌ಹ್ಯಾಂ ಕಾಲುವೆಯನ್ನು ಸೇರುತ್ತದೆ. ಇನ್ನೂ ಉತ್ತರಕ್ಕೆ ಪುಳಲ್ ಕೆರೆ, ಇಂಗ್ಲಿಷರ ‘ರೆಡ್ ಹಿಲ್ಸ್’. ಅದು ತುಂಬಿ ಮಿಕ್ಕ ನೀರು ಸಡೆಯಂಕುಪ್ಪಂ ಮಾರ್ಗವಾಗಿ ಎಣ್ಣೂರಿನ ಕಡೆಗೆ ಹೋಗುತ್ತದೆ.

ಇನ್ನು ಏರಿಯ ರಚನೆಯನ್ನು ನೋಡೋಣ. ದೊಡ್ಡ ಅಣೆಕಟ್ಟೆಯ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಇದು ನದಿಗೆ ಅಡ್ಡಲಾಗಿ ನಿಂತ ಗೋಡೆಯಲ್ಲ. ಇಳಿಜಾರಾದ ಬಯಲಿನ ತಗ್ಗಿನ ಕಡೆಗೆ ಮಾತ್ರ ಕಟ್ಟಿದ, ಬಿಲ್ಲಿನಂತೆ ಬಾಗಿದ ಉದ್ದನೆಯ ಮಣ್ಣಿನ ದಿಬ್ಬ. ಮೇಲುಗಡೆ ತೆರೆದೇ ಇರುತ್ತದೆ. ನೀರು ಅಲ್ಲಿಂದ ಬಂದು ಏರಿಗೆ ಒರಗಿ ನಿಲ್ಲುತ್ತದೆ. ಕೆರೆಯ ಅಂಗಳದಿಂದಲೇ ಮಣ್ಣು ತೆಗೆದು, ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ದನಗಳಿಂದ ತುಳಿಸಿ ಗಟ್ಟಿಮಾಡುತ್ತಿದ್ದರು. ಹೀಗೆ ಮಣ್ಣು ತೆಗೆದ ಕಡೆ ಕೆರೆ ಆಳವಾಯಿತು, ಹಾಕಿದ ಕಡೆ ಏರಿ ಎತ್ತರವಾಯಿತು. ನೀರಿನ ಕಡೆಯ ಮೈಗೆ ಅಲೆ ಬಡಿದು ಮಣ್ಣು ಕರಗದಂತೆ ಕಲ್ಲುಹಾಸು. ಮಣ್ಣಿನ ಕೆಲಸದಲ್ಲಿ ಭೋವಿ ಜನರ ಕೈಚಳಕ ಕನ್ನಡ, ತೆಲುಗು, ತಮಿಳು ಮೂರು ಸೀಮೆಗಳಲ್ಲೂ ಹೆಸರಾಗಿತ್ತು.

ಏರಿಗೆ ಎರಡು ಬಾಯಿ. ಒಂದು ತೂಬು: ಬೇಕೆಂದಾಗ ತೆಗೆದು ಗದ್ದೆಗೆ ನೀರು ಬಿಡುವುದಕ್ಕೆ. ಇನ್ನೊಂದು ಕೋಡಿ: ಕೆರೆ ತುಂಬಿದ ಮೇಲೆ ಬಂದ ನೀರು ತಾನಾಗಿ ಹರಿದುಹೋಗುವುದಕ್ಕೆ. ತಮಿಳರು ಕೋಡಿಯನ್ನು ‘ಕಲಂಗಲ್’ ಎನ್ನುತ್ತಾರೆ. ನಮ್ಮಲ್ಲಿ ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ ಅರ್ಪಿಸುವ ಸಂಭ್ರಮ. ಸಂಭ್ರಮಕ್ಕೆ ಕಾರಣ ಕೆರೆ ತುಂಬಿದ್ದು ಮಾತ್ರವಲ್ಲ, ಏರಿ ಉಳಿದದ್ದೂ ಹೌದು. ಮಣ್ಣಿನ ಏರಿಯ ಪರಮಶತ್ರು ಅದರ ತಲೆಯ ಮೇಲೆ ಹರಿಯುವ ನೀರು. ಒಂದು ಗೇಣು ನೀರು ಏರಿಯನ್ನು ದಾಟಿತೆಂದರೆ ಹಿಂಬದಿಯ ಮಣ್ಣನ್ನು ಕೊರೆಯತೊಡಗುತ್ತದೆ. ಕೆಲವೇ ಗಂಟೆಗಳಲ್ಲಿ ಗಂಡಿ ಬಿದ್ದು ಕೆರೆಗೆ ಕೆರೆಯೇ ಊರಿನ ಮೇಲೆ ಬರುತ್ತದೆ. ಎರಡನೆಯ ಶತ್ರು ಒಳಗೊಳಗೇ ಜಿನುಗುವ ನೀರು. ಇಲಿ, ಏಡಿಗಳು ತೋಡಿದ ಬಿಲ, ಸತ್ತ ಮರದ ಬೇರು ಕೊಳೆತು ಆದ ಟೊಳ್ಳು, ಇಂಥ ಸಣ್ಣ ದಾರಿ ಸಿಕ್ಕರೆ ಸಾಕು. ಆದ್ದರಿಂದ ಏರಿ ಎಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಬಿಲ ಮುಚ್ಚಿ, ಗಿಡ ಕಿತ್ತು, ಕುಸಿದ ಕಡೆ ಮಣ್ಣು ಹಾಕಿ, ಕೋಡಿಯ ದಾರಿ ಬಿಡಿಸಬೇಕು. ಒಂದು ವರ್ಷ ತಪ್ಪಿದರೆ ಏನೂ ಆಗದಿರಬಹುದು. ಹತ್ತು ವರ್ಷ ತಪ್ಪಿದರೆ ಏರಿ ಇದ್ದೂ ಇಲ್ಲದಂತೆ.

ಇಂಥ ಸಣ್ಣ ಏರಿ ನೆರೆಯನ್ನು ಎಷ್ಟು ತಡೆದೀತು ಎಂಬ ಸಂಶಯ ಸಹಜ. ಸ್ವಲ್ಪ ಲೆಕ್ಕ ಹಾಕೋಣ. ನಾನು ಮೊದಲಿಗೆ ಹೇಳಿದ 1976ರ ಆ ಮಳೆ ಮದರಾಸಿನ ದಾಖಲೆಗಳಲ್ಲಿ ಒಂದು. ನುಂಗಂಬಾಕ್ಕಂ ಮಳೆಮಾಪಕದಲ್ಲಿ 24 ಗಂಟೆಗಳಿಗೆ ಸುಮಾರು 45 ಸೆಂಟಿಮೀಟರ್. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಅಷ್ಟು ಮಳೆ ಬಿದ್ದರೆ 45 ಕೋಟಿ ಲೀಟರ್ ನೀರು. 50 ಎಕರೆ ಹರವಿನ ಒಂದು ಸಾಧಾರಣ ಕೆರೆಯಲ್ಲಿ ಎರಡು ಮೀಟರಿನಷ್ಟು ಖಾಲಿ ಜಾಗವಿದ್ದರೆ ಅದು ಸುಮಾರು 40 ಕೋಟಿ ಲೀಟರನ್ನು ಹಿಡಿಯಬಲ್ಲದು. ಅಂದರೆ ಅಂಥ ಭೀಕರ ಮಳೆಯ ದಿನವೂ ಒಂದು ಸಣ್ಣ ಕೆರೆ ತನ್ನ ಬೆನ್ನ ಹಿಂದಿನ ಒಂದು ಚದರ ಕಿಲೋಮೀಟರಿನ ನೀರನ್ನು ಬಹುಮಟ್ಟಿಗೆ ಹೊತ್ತು ನಿಲ್ಲುತ್ತದೆ. ಕೆರೆಯ ಕೆಳಗೆ ಕೆರೆ, ಅದರ ಕೆಳಗೆ ಇನ್ನೊಂದು ಎಂದು ಸರಪಳಿಯಂತೆ ಇದ್ದಾಗ, ಒಂದರ ಕೋಡಿಯ ನೀರು ಇನ್ನೊಂದರ ಅಂಗಳಕ್ಕೆ ಇಳಿದು, ಒಂದೇ ರಾತ್ರಿ ಬರಬೇಕಾದ ನೆರೆ ನಾಲ್ಕಾರು ದಿನಗಳ ಮೇಲೆ ಹಂಚಿಹೋಗುತ್ತದೆ.

ಆದರೆ ಇದಕ್ಕೊಂದು ಷರತ್ತುಂಟು. ಕೆರೆಯಲ್ಲಿ ಖಾಲಿ ಜಾಗವಿರಬೇಕು. ಮೊದಲ ಮಳೆಗೇ ತುಂಬಿಹೋದ ಕೆರೆ ಎರಡನೆಯ ಮಳೆಯನ್ನು ತಡೆಯಲಾರದು. ಹೂಳು ತುಂಬಿದ ಕೆರೆಯಂತೂ ಮೊದಲ ಮಳೆಯನ್ನೂ ತಡೆಯಲಾರದು. ಯಾವಾಗ ತೂಬು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಬಲ್ಲವನೊಬ್ಬ ಬೇಕು. ನಮ್ಮ ಹಳ್ಳಿಗಳಲ್ಲಿ ಆತ ನೀರುಗಂಟಿ. ಏರಿಯ ಮೇಲೆ ರಾತ್ರಿ ಲಾಂದ್ರ ಹಿಡಿದು ನಡೆಯುತ್ತಿದ್ದ ಆ ಮನುಷ್ಯನಿಗೆ ಗದ್ದೆಯ ಸುಗ್ಗಿಯಲ್ಲಿ ಇಂತಿಷ್ಟು ಕೊಳಗ ಭತ್ತ ಸಲ್ಲುತ್ತಿತ್ತು. ಆ ಭತ್ತವೇ ಊರನ್ನು ನೆರೆಯಿಂದ ಕಾಪಾಡಿದ ಸಂಬಳ.

ಈ ಹೊಣೆಗಾರಿಕೆಗೆ ದೊಡ್ಡ ಇತಿಹಾಸವಿದೆ. ಮದರಾಸಿನಿಂದ ನೈರುತ್ಯಕ್ಕೆ, ಕಾಂಚೀಪುರದ ಆಚೆ ಇರುವ ಉತ್ತರಮೇರೂರಿನ ದೇವಾಲಯದ ಗೋಡೆಯಲ್ಲಿ ಚೋಳ ಒಂದನೆಯ ಪರಾಂತಕನ ಕಾಲದ ಎರಡು ಶಾಸನಗಳಿವೆ, ಕ್ರಿ.ಶ. 919 ಮತ್ತು 921ರವು. ಓಲೆಯ ಚೀಟಿಗಳನ್ನು ಗಡಿಗೆಯಲ್ಲಿ ಹಾಕಿ ಎತ್ತಿಸಿ ಗ್ರಾಮದ ಸಮಿತಿಗಳನ್ನು ಆರಿಸುತ್ತಿದ್ದ ಕ್ರಮ ಅಲ್ಲಿ ವಿವರವಾಗಿ ಬಂದಿದೆ. ಆ ಸಮಿತಿಗಳಲ್ಲಿ ಒಂದು ‘ಏರಿ ವಾರಿಯಂ’, ಆರು ಜನರ ಕೆರೆಯ ಸಮಿತಿ. ಅವಧಿ 360 ದಿನ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು ಮತ್ತೆ ನಿಲ್ಲುವ ಹಾಗಿಲ್ಲ. ಸಾವಿರದ ನೂರು ವರ್ಷಗಳ ಹಿಂದೆ ಕೆರೆಯ ಲೆಕ್ಕ ಕೊಡದವನಿಗೆ ಊರಿನಲ್ಲಿ ಅಧಿಕಾರವಿರಲಿಲ್ಲ ಎಂಬುದು ಗಮನಿಸಬೇಕಾದ ಮಾತಲ್ಲವೆ?

ಕನ್ನಡ ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’ ಎಂಬ ಮಾತು ಹೊಸದಲ್ಲ. ಕೆರೆ ಕಟ್ಟಿದವರಿಗೂ ಅದನ್ನು ನೋಡಿಕೊಳ್ಳುವವರಿಗೂ ಕೆರೆಯ ಕೆಳಗಿನ ಭೂಮಿಯ ಉತ್ಪತ್ತಿಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲು ಅದು. ಕಟ್ಟುಕೊಡಗೆಯೂ ಅದೇ ಜಾತಿಯ ದತ್ತಿ. ಏರಿಯನ್ನು ಕಾಯುವ ಖರ್ಚು ಏರಿಯ ಫಲದಿಂದಲೇ ಬರಬೇಕು ಎಂಬ ತತ್ತ್ವ ಇಲ್ಲಿ ಎದ್ದು ಕಾಣುತ್ತದೆ.

ವಿಜಯನಗರದ ಕಾಲಕ್ಕೆ ಬಂದರೆ, ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಶಾಸನವನ್ನು ಹೆಸರಿಸದೆ ಮುಂದೆ ಹೋಗಲಾಗದು. 1369ರ ಈ ಸಂಸ್ಕೃತ ಶಾಸನ ಒಂದನೆಯ ಬುಕ್ಕರಾಯನ ಮಗ ಭಾಸ್ಕರನದು. ಈ ತೊಂಡೈನಾಡನ್ನು ಗೆದ್ದು ವಿಜಯನಗರಕ್ಕೆ ಸೇರಿಸಿದ ಕುಮಾರ ಕಂಪಣನೂ ಬುಕ್ಕನ ಮಗನೇ. ಅಣ್ಣತಮ್ಮಂದಿರಲ್ಲಿ ಒಬ್ಬ ಕತ್ತಿಯಿಂದ ಹೆಸರಾದ, ಇನ್ನೊಬ್ಬ ಕೆರೆಯಿಂದ. ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದು ಆ ಕೆರೆ ಆಯಿತೆಂದು ಶಾಸನ ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಗಟ್ಟಿ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲಿ ಕಲ್ಲಿನ ಗಣಿ, ಕಟ್ಟುವ ಕೆಲಸ ಬಲ್ಲ ಜನ ಇವು ಸಾಧನಗಳ ಪೈಕಿ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ನೀರು ಹೆಚ್ಚಿ ನೆಲ ಕಡಿಮೆಯಾಗುವುದು ಇವು ದೋಷಗಳ ಪೈಕಿ. ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವಂತೆ! ಅದರ ಮೇಲೆ ವ್ಯಾಖ್ಯಾನ ಬರೆಯುವ ಅಗತ್ಯ ಕನ್ನಡಿಗರಿಗೂ ತಮಿಳರಿಗೂ ಇಲ್ಲ.

ಇಂಗ್ಲಿಷರು ಬಂದ ಮೇಲೆ ಮೊದಲು ಈ ವ್ಯವಸ್ಥೆಯ ಅಗಾಧತೆಗೆ ಬೆರಗಾದರು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬೇರ್ಡ್ ಸ್ಮಿತ್ ಎಂಬ ಇಂಜಿನಿಯರು ಮದರಾಸು ಆಧಿಪತ್ಯದಲ್ಲಿ ಸುಮಾರು 53,000 ಕೆರೆಗಳಿವೆಯೆಂದೂ ಅವುಗಳ ಏರಿಗಳನ್ನು ಸಾಲಾಗಿಟ್ಟರೆ 30,000 ಮೈಲಿಯಾದೀತೆಂದೂ ಲೆಕ್ಕ ಕೊಟ್ಟ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ, ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟು ದಟ್ಟವಾಗಿ ಹಳೆಯವರು ಕೆರೆ ಕಟ್ಟಿಬಿಟ್ಟಿದ್ದಾರೆ ಎಂಬ ಅಭಿಪ್ರಾಯಪಟ್ಟ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಈತನೇ ಮುಂದೆ ಮದರಾಸಿನಲ್ಲೂ ಸೇವೆ ಸಲ್ಲಿಸಿದ.

ಬೆರಗಿನ ಜೊತೆಗೆ ತೊಂದರೆಯೂ ಬಂತು. ಭೂಕಂದಾಯವೆಲ್ಲ ಕಂಪನಿಯ ಬೊಕ್ಕಸಕ್ಕೆ ಹೋಗತೊಡಗಿದ ಮೇಲೆ ಕೆರೆಯ ಪಾಲು ಸೊರಗಿತು. ಊರವರೇ ಕೂಡಿ ಏರಿಯನ್ನು ದುರಸ್ತಿ ಮಾಡುವ ‘ಕುಡಿಮರಾಮತ್ತು’ ಪದ್ಧತಿ ಸಡಿಲವಾಯಿತು. 1858ರಲ್ಲಿ ಮದರಾಸು ಕಡ್ಡಾಯ ದುಡಿಮೆಯ ಕಾನೂನು ಬಂತು. ಏರಿ ಒಡೆಯುವ ಅಪಾಯವಿದ್ದಾಗ ಊರಿನ ಗಟ್ಟಿಮುಟ್ಟಾದವರನ್ನೆಲ್ಲ ಕರೆಸಿ ದುಡಿಸಲು ಅದು ಅಧಿಕಾರ ಕೊಟ್ಟಿತು. ತಾನಾಗಿ ನಡೆಯುತ್ತಿದ್ದ ಕೆಲಸಕ್ಕೆ ಕಾನೂನಿನ ಬೆತ್ತ ಬೇಕಾಯಿತೆಂದರೆ ಒಳಗಿನ ಕಟ್ಟು ಆಗಲೇ ಸಡಿಲಿತ್ತೆಂದೇ ಅರ್ಥ. 1876-78ರ ಮಹಾಕ್ಷಾಮದ ಬಿಸಿ ತಟ್ಟಿದ ನಂತರ, 1883ರಲ್ಲಿ ಕೆರೆಗಳ ಪುನರುದ್ಧಾರದ ಯೋಜನೆಯೊಂದು ಮದರಾಸಿನಲ್ಲಿ ಆರಂಭವಾಯಿತು. ಅದೇ ಕ್ಷಾಮದಲ್ಲಿ ಹಸಿದ ಜನರ ಕೈಗೆ ಕೆಲಸ ಕೊಡಲೆಂದು, ನಮ್ಮ ಪೆರಂಬೂರಿನ ನೀರೆಲ್ಲ ಕೊನೆಗೆ ಸೇರುವ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ತೋಡಿಸಿದರು. ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕನ ಹೆಸರು ಅದಕ್ಕೆ ಬಂದದ್ದು ಹಾಗೆ.

ಈ ನಡುವೆ ಪುಳಲ್ ಕೆರೆಯ ಅದೃಷ್ಟ ಬೇರೆಯಾಯಿತು. 1872ರಲ್ಲಿ ಅಲ್ಲಿಂದ ಪಟ್ಟಣಕ್ಕೆ ಕುಡಿಯುವ ನೀರು ಬರತೊಡಗಿತು. ಹಳ್ಳಿಯ ಕೆರೆ ಪಟ್ಟಣದ ಕೊಡವಾಯಿತು. ಏರಿಯನ್ನು ಎತ್ತರಿಸಿ ಬಲಪಡಿಸಿದರು; ಇಂದು ಅದರ ಧಾರಣಶಕ್ತಿ 330 ಕೋಟಿ ಘನ ಅಡಿ. ಅದಕ್ಕೆ ಕಾವಲುಗಾರರಿದ್ದಾರೆ, ಇಂಜಿನಿಯರುಗಳಿದ್ದಾರೆ, ಪ್ರತಿದಿನದ ನೀರಿನ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ಅದೂ ಮಣ್ಣಿನ ಏರಿಯೇ. ಯಜಮಾನನಿದ್ದ ಏರಿ ಉಳಿಯಿತು ಎಂಬುದಕ್ಕೆ ಪುಳಲ್ ಸಾಕ್ಷಿ. ಅದರ ನೆರೆಯ ಸಣ್ಣ ಏರಿಗಳ ಕಥೆಯೇ ಬೇರೆ.

ಪೆರಂಬೂರಿಗೆ ರೈಲು ಬಂದದ್ದು 1856ರಲ್ಲಿ. ದಕ್ಷಿಣ ಭಾರತದ ಮೊದಲ ರೈಲು ಆ ವರ್ಷ ಜುಲೈ 1ರಂದು ರಾಯಪುರದಿಂದ ವಾಲಾಜಾ ರಸ್ತೆಯ ಕಡೆಗೆ ಓಡಿತು. ಮದರಾಸು ರೈಲ್ವೆಯ ಕಾರ್ಖಾನೆ ಇಲ್ಲಿ ಬೆಳೆಯಿತು. 1908ರಲ್ಲಿ ಮದರಾಸು ರೈಲ್ವೆಯೂ ಸದರನ್ ಮರಾಠಾ ರೈಲ್ವೆಯೂ ಕೂಡಿ ಎಂ. ಅಂಡ್ ಎಸ್.ಎಂ. ಎಂದಾದಾಗ ಹುಬ್ಬಳ್ಳಿಯ ಕಾರ್ಖಾನೆಗೂ ಪೆರಂಬೂರಿನ ಕಾರ್ಖಾನೆಗೂ ಒಂದೇ ಯಜಮಾನಿಕೆ ಬಂತು. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಎದ್ದು ನಿಂತು, 1996ರಲ್ಲಿ ಮುಚ್ಚುವವರೆಗೆ ಸಾವಿರಾರು ಮನೆಗಳ ಒಲೆ ಉರಿಸಿದುವು. ಬೆಂಗಳೂರಿನಲ್ಲೂ ಬಿನ್ನಿ ಗಿರಣಿ ಇದ್ದದ್ದು ಎಲ್ಲರಿಗೂ ಗೊತ್ತು. 1955ರ ಅಕ್ಟೋಬರ್ 2ರಂದು ಪಂಡಿತ ನೆಹರೂ ಅವರು ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ಉದ್ಘಾಟಿಸಿದರು. ಕನ್ನಡಿಗರಾದ ನಮಗೂ ಈ ಭಾಗದ ನಂಟು ಬೆಳೆದದ್ದು ಇಂಥ ಕೆಲಸಗಳ ದೆಸೆಯಿಂದಲೇ.

ಕೆಲಸದ ಜೊತೆಗೆ ಮನೆ ಬೇಕಾಯಿತು. ಗದ್ದೆಗಳು ನಿವೇಶನಗಳಾದುವು. ಗದ್ದೆಯಿಲ್ಲದ ಮೇಲೆ ಏರಿಯ ತೂಬನ್ನು ತೆರೆಯುವ ಕೆಲಸವಿಲ್ಲ. ತೂಬು ತೆರೆಯದಿದ್ದರೆ ನೀರುಗಂಟಿಗೆ ಭತ್ತವಿಲ್ಲ. ಭತ್ತವಿಲ್ಲದಿದ್ದರೆ ನೀರುಗಂಟಿಯೇ ಇಲ್ಲ. ಏರಿಗೆ ಎರಡು ಕೆಲಸಗಳಿದ್ದುವು: ಬೇಸಗೆಗೆ ನೀರು ಉಳಿಸುವುದು, ಮಳೆಗಾಲದಲ್ಲಿ ನೆರೆ ತಡೆಯುವುದು. ಮೊದಲ ಕೆಲಸಕ್ಕೆ ಮಾತ್ರ ಸಂಬಳವಿತ್ತು, ಎರಡನೆಯದು ಅದರ ಜೊತೆಗೆ ಬಿಟ್ಟಿಯಾಗಿ ನಡೆಯುತ್ತಿತ್ತು. ಗದ್ದೆ ಹೋದಾಗ ಮೊದಲ ಕೆಲಸ ನಿಂತಿತು. ಜನ ಎರಡನೆಯದೂ ಮುಗಿಯಿತೆಂದೇ ಭಾವಿಸಿದರು. ಎಲ್ಲ ತಪ್ಪಿನ ಬೇರು ಇಲ್ಲಿದೆ ಎಂದು ನನ್ನ ಭಾವನೆ. ಗದ್ದೆ ಮನೆಯಾಗಬಹುದು, ಮೋಡಕ್ಕೆ ಅದು ಗೊತ್ತಾಗುವುದಿಲ್ಲ.

ಈ ಭಾವನೆಯಿಂದಲೇ ನಗರದ ಬೇರೆ ಕಡೆಗಳಲ್ಲೂ ಕೆರೆಗಳು ಹೋದುವು. 1920ರ ದಶಕದಲ್ಲಿ ಆರಂಭವಾದ ಮಾಂಬಲಂ ವಸತಿ ಯೋಜನೆಗಾಗಿ ‘ಲಾಂಗ್ ಟ್ಯಾಂಕ್’ ಎಂಬ ಉದ್ದನೆಯ ಕೆರೆಯನ್ನು ಬರಿದುಮಾಡಿದರು; ಅಲ್ಲಿ ಎದ್ದದ್ದೇ ನಾವು ಹಬ್ಬಕ್ಕೆ ಸೀರೆ ಕೊಳ್ಳಲು ಹೋಗುವ ತ್ಯಾಗರಾಯನಗರ. ನುಂಗಂಬಾಕ್ಕಂ ಕೆರೆಯ ಪಾತ್ರದಲ್ಲಿ 1976ರಲ್ಲಿ ವಳ್ಳುವರ್ ಕೋಟ್ಟಂ ತೆರೆಯಿತು. ಕೆರೆ ಹೋದರೂ ‘ಟ್ಯಾಂಕ್ ಬಂಡ್ ರೋಡ್’, ಅಂದರೆ ಕೆರೆ ಏರಿಯ ರಸ್ತೆ, ಎಂಬ ಹೆಸರು ಅಲ್ಲಿ ಉಳಿದಿದೆ. ನಮ್ಮ ಪೆರಂಬೂರಿಗೆ ಪಶ್ಚಿಮದ ಮೊಗಪ್ಪೇರಿನಲ್ಲಿ ‘ಏರಿ ಸ್ಕೀಮ್’ ಎಂಬುದೇ ಬಡಾವಣೆಯ ವಿಳಾಸ. ಅಂಚೆಯವನು ದಿನವೂ ಕೆರೆಯ ಹೆಸರು ಓದುತ್ತಾನೆ, ಕೆರೆಯನ್ನು ಕಾಣುವುದಿಲ್ಲ.

ಇದನ್ನು ಹೇಳುವಾಗ ಯಾರನ್ನೋ ದೂರುವ ಉದ್ದೇಶ ನನಗಿಲ್ಲ. ನಾನು ಕೊನೆಗೆ ಕೊಂಡ ಮನೆಯೂ ಒಂದು ಕಾಲದ ಗದ್ದೆಬಯಲಿನ ಮೇಲೆಯೇ ಇದೆ. ಸೂರಿಲ್ಲದವನಿಗೆ ಕೆರೆ ಯಾಕೆ ಬೇಕು ಎಂದು ಕೇಳುವವರ ಮಾತಿನಲ್ಲೂ ನ್ಯಾಯವುಂಟು. ಬೆಂಗಳೂರಿನವರಾದ ನಾವು ಬೀಗುವ ಹಾಗೂ ಇಲ್ಲ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆಯ ಶ್ರೀಮಂತ ಬಡಾವಣೆಗಳ ಜನ ಟ್ರಾಕ್ಟರುಗಳಲ್ಲಿ ಕುಳಿತು ಹೊರಗೆ ಬಂದುದನ್ನು ದೇಶವೇ ನೋಡಿತು.

ಒಂದು ವಿಚಿತ್ರವನ್ನೂ ಗಮನಿಸಬೇಕು. ಏರಿಗಳನ್ನು ಕಳೆದುಕೊಂಡ ನಗರ ತನಗರಿವಿಲ್ಲದೆ ಹೊಸ ಏರಿಗಳನ್ನು ಕಟ್ಟಿಕೊಂಡಿತು. ರೈಲ್ವೆ ದಿಬ್ಬವೂ ಎತ್ತರಿಸಿದ ಹೆದ್ದಾರಿಯೂ ಮಣ್ಣಿನ ಏರಿಯೇ. ಅವಕ್ಕೆ ಮೋರಿಗಳೇ ತೂಬು. ಮೋರಿ ಕಟ್ಟಿಕೊಂಡರೆ ನೀರು ಒಂದು ಮಗ್ಗುಲಲ್ಲೇ ನಿಲ್ಲುತ್ತದೆ. ಹಳಿಯ ಅಡಿಯಲ್ಲಿ ಹಾದುಹೋಗುವ ಗಣೇಶಪುರಂ ಸಬ್‌ವೇಯಂಥ ಸುರಂಗದಾರಿಗಳು ಜೋರು ಮಳೆಗೆ ಕೊಳವಾಗುವುದನ್ನು ಈ ಭಾಗದವರೆಲ್ಲ ಕಂಡವರೇ. ಕೆರೆಯಿದ್ದಾಗ ನೀರು ಎಲ್ಲಿ ನಿಲ್ಲಬೇಕೆಂದು ಊರು ತೀರ್ಮಾನಿಸುತ್ತಿತ್ತು; ಈಗ ನೀರೇ ತೀರ್ಮಾನಿಸುತ್ತದೆ.

2015ರ ಡಿಸೆಂಬರ್ 1ರ ರಾತ್ರಿಯನ್ನು ಮರೆತವರು ಯಾರು? ಆ ದಿನದ ಲೆಕ್ಕಕ್ಕೆ ತಾಂಬರದಲ್ಲಿ ಸುಮಾರು 49 ಸೆಂಟಿಮೀಟರ್ ಮಳೆ. ನವೆಂಬರಿನ ಮಳೆಗೇ ಬಹುಮಟ್ಟಿಗೆ ತುಂಬಿದ್ದ ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿಯಷ್ಟು ನೀರನ್ನು ಅಡೆಯಾರಿಗೆ ಬಿಡಬೇಕಾಯಿತು. ಖಾಲಿ ಜಾಗವಿಲ್ಲದ ಕೆರೆ ನೆರೆ ತಡೆಯಲಾರದು ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಕಹಿಯಾದ ಪಾಠ ಬೇಕಿಲ್ಲ. ದೊಡ್ಡ ಕೆರೆಯ ಹೊರೆಯನ್ನು ಹಂಚಿಕೊಳ್ಳಬೇಕಾದ ಮೇಲಣ ಮತ್ತು ಕೆಳಗಣ ಸಣ್ಣ ಕೆರೆಗಳು ಎಷ್ಟೋ ಕಡೆ ಹೂಳು ತುಂಬಿದ್ದುವು, ಕಿರಿದಾಗಿದ್ದುವು, ಇಲ್ಲವೆ ಇಲ್ಲವೇ ಇಲ್ಲವಾಗಿದ್ದುವು.

ಇದಾಗಿ ನಾಲ್ಕು ವರ್ಷ ತುಂಬುವ ಮೊದಲೇ, 2019ರ ಬೇಸಗೆಯಲ್ಲಿ, ಪುಳಲ್ ಕೆರೆಯ ತಳ ಬಿರುಕುಬಿಟ್ಟಿತು. ಆ ವರ್ಷ ಜುಲೈ 12ರಂದು ಜೋಲಾರಪೇಟೆಯಿಂದ 50 ವ್ಯಾಗನ್ನುಗಳ ನೀರಿನ ರೈಲು 25 ಲಕ್ಷ ಲೀಟರ್ ಹೊತ್ತು ವಿಲ್ಲಿವಾಕ್ಕಂ ನಿಲ್ದಾಣಕ್ಕೆ ಬಂತು. ಪೆರಂಬೂರಿನಿಂದ ಅದು ಮೂರನೆಯ ನಿಲ್ದಾಣ. ಬಂದದ್ದು ಮೇಟ್ಟೂರಿನ ಕಾವೇರಿ ನೀರು. ಕೊಡಗಿನಲ್ಲಿ ಹುಟ್ಟಿದ ತಾಯಿ ರೈಲು ಹತ್ತಿ ನಮ್ಮ ಊರಿಗೆ ಬಂದಳೆಂದು ನಾನೂ ಅಂದು ಕೈಮುಗಿದೆ. ಆಮೇಲೆ ಲೆಕ್ಕ ಹಾಕಿದಾಗ ಮನಸ್ಸು ಮುದುಡಿತು. 1976ರ ಆ ಒಂದು ದಿನ ಪೆರಂಬೂರಿನಂಥ ಕಡೆ ಒಂದೇ ಚದರ ಕಿಲೋಮೀಟರ್ ನೆಲದ ಮೇಲೆ ಸುರಿದ 45 ಕೋಟಿ ಲೀಟರನ್ನು ತರಲು ಅಂಥ ರೈಲುಗಳು 180 ಬೇಕು! ನೀರು ಇಳಿದ ವಿಲ್ಲಿವಾಕ್ಕಂ, ತನ್ನದೇ ಆದ ಏರಿಯಿದ್ದ ಊರು.

ನೆರೆ ಬಂದಾಗ ನೀರು ಯಾಕೆ ಹೋಗುವುದಿಲ್ಲ ಎಂದು ಕೇಳುತ್ತೇವೆ. ಬರ ಬಂದಾಗ ನೀರು ಯಾಕೆ ಬರುವುದಿಲ್ಲ ಎಂದು ಕೇಳುತ್ತೇವೆ. ಏರಿ ಇವೆರಡಕ್ಕೂ ಒಂದೇ ಉತ್ತರವಾಗಿತ್ತು. ಅದನ್ನು ಕಳೆದುಕೊಂಡದ್ದರಿಂದ ಒಂದೇ ನಷ್ಟವನ್ನು ಎರಡು ಋತುಗಳಲ್ಲಿ ಎರಡು ಹೆಸರಿನಿಂದ ಅನುಭವಿಸುತ್ತಿದ್ದೇವೆ.

ನಿರಾಶೆಯಿಂದ ಮುಗಿಸಬೇಕಾಗಿಲ್ಲ. ಕೆರೆಗಳ ರಕ್ಷಣೆಗೂ ಒತ್ತುವರಿ ತೆರವಿಗೂ ತಮಿಳುನಾಡಿನಲ್ಲಿ 2007ರ ಕಾನೂನಿದೆ. ವಿಲ್ಲಿವಾಕ್ಕಂ ಕೆರೆಯಲ್ಲಿ ಈಚಿನ ವರ್ಷಗಳಲ್ಲಿ ಪುನರುಜ್ಜೀವನದ ಕೆಲಸ ನಡೆದಿದೆ. ರೆಟ್ಟೇರಿಯಲ್ಲಿ ಇನ್ನೂ ನೀರು ನಿಲ್ಲುತ್ತದೆ, ಹಕ್ಕಿಗಳು ಬರುತ್ತವೆ. ಏರಿಯ ಮೇಲೆ ನಡೆದಾಡುವ ಹಾದಿ, ಕುಳಿತುಕೊಳ್ಳುವ ಬೆಂಚು, ದೀಪದ ಕಂಬ ಬಂದರೆ ಸಂತೋಷವೇ. ಆದರೆ ನೋಡಬೇಕಾದದ್ದು ಮೂರು ಸಂಗತಿ: ಕೆರೆಗೆ ನೀರು ಬರುವ ದಾರಿ ಬಿಡುವಾಗಿದೆಯೆ, ಕೋಡಿಯ ದಾರಿ ಬಿಡುವಾಗಿದೆಯೆ, ಮಳೆಗಾಲಕ್ಕೆ ಮುಂಚೆ ಕೆರೆಯಲ್ಲಿ ಜಾಗವಿದೆಯೆ? ಈ ಮೂರು ಇಲ್ಲದ ಕೆರೆ ಉದ್ಯಾನದ ಕೊಳವಾದೀತೇ ಹೊರತು ಊರಿನ ಕಾವಲಾಗದು.

ಉತ್ತರಮೇರೂರಿನವರು ಆರು ಜನರನ್ನು ಆರಿಸಿ ಲೆಕ್ಕ ಕೇಳಿದರು. ನಮ್ಮ ಹಿರಿಯರು ನೀರುಗಂಟಿಗೆ ಭತ್ತ ಅಳೆದುಕೊಟ್ಟರು. ನಮ್ಮ ಕೈಯಲ್ಲಿ ಅಳೆದುಕೊಡಲು ಭತ್ತವಿಲ್ಲ. ಆದರೂ ದೀಪಾವಳಿಗೆ ಮುಂಚಿನ ಒಂದು ಭಾನುವಾರ ಸಂಘದ ನಾಲ್ಕು ಜನ ಕೂಡಿಕೊಂಡು ಹತ್ತಿರದ ಏರಿಯ ಮೇಲೆ ನಡೆದು ಬರಬಹುದು. ಕೋಡಿ ಎಲ್ಲಿದೆ ಎಂದು ಅಲ್ಲಿಯವರನ್ನು ಕೇಳಬಹುದು. ಅದರಲ್ಲಿ ಕಸ ತುಂಬಿದ್ದರೆ ವಾರ್ಡಿನ ಸದಸ್ಯರಿಗೆ ಒಂದು ಕಾಗದ ಬರೆಯಬಹುದು. ಮಕ್ಕಳನ್ನು ಕರೆದೊಯ್ದರೆ ಕೆರೆ, ಏರಿ, ತೂಬು, ಕೋಡಿ ಎಂಬ ನಾಲ್ಕು ಕನ್ನಡ ಮಾತುಗಳನ್ನು ಅವರು ಕಣ್ಣಿನಿಂದಲೇ ಕಲಿತಾರು. ಏರಿ, ಕರೈ, ಕಲಂಗಲ್ ಎಂಬ ತಮಿಳು ಮಾತುಗಳನ್ನೂ ಜೊತೆಗೇ ಕಲಿತಾರು.

ಎದುರುಮನೆಯ ಆ ಹಿರಿಯರು ಈಗಿಲ್ಲ. ಪ್ರತಿವರ್ಷ ಈಶಾನ್ಯದ ಮೋಡ ಕವಿದಾಗ ಅವರು ನೀರಿನಲ್ಲಿ ನಿಂತು ನನಗೆ ಹೇಳಿದ ಮಾತು ನೆನಪಾಗುತ್ತದೆ: ಕರೈ ಒಡೆದರೆ ತಾನೆ ಏರಿ ಒಡೆಯುವುದು. ಅಂದು ನನ್ನ ತಮಿಳನ್ನು ತಿದ್ದಿದರೆಂದು ಭಾವಿಸಿದ್ದೆ. ಊರು ಒಡೆಯುವುದೂ ಹಾಗೆಯೇ ಎಂದು ತಿಳಿಯಲು ನನಗೆ ಬಹಳ ಮಳೆಗಾಲಗಳು ಬೇಕಾದುವು.